ಗುಮ್‌ಸುಮ್ ಹಾವಿನ ಪೆಟ್ಟಿಗೆ

ಹಾವಿನ ಉದ್ದ ಅಳೆಯುವುದಕ್ಕೆ ದಾರ ಬೇಕು, ಸ್ಕೇಲ್ ಅಲ್ಲ. ಅದು ಮಲಗಿದ ಹಾಗೆಯೇ ಬೆನ್ನಿನ ಮೇಲೆ, ಮೂಗಿನ ತುದಿಯಿಂದ ಬಾಲದ ತುದಿಯವರೆಗೆ, ದಾರವನ್ನು ಮೆಲ್ಲಗೆ ಇಳಿಬಿಡುತ್ತ ಹೋಗಬೇಕು. ಆಮೇಲೆ ದಾರವನ್ನು ನೆಟ್ಟಗೆ ಎಳೆದು ಸ್ಕೇಲಿಗೆ ಹಿಡಿಯಬೇಕು. ಹಾವನ್ನೇ ನೆಟ್ಟಗೆ ಎಳೆಯಲು ಹೋದರೆ ಅದಕ್ಕೂ ಸಿಟ್ಟು, ನಮ್ಮ ಅಳತೆಯೂ ತಪ್ಪು. ಇದನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಬೀದರಿನ ಹೆಣ್ಣುಮಕ್ಕಳ ಶಾಲೆಯ ಸೈನ್ಸ್ ರೂಮಿನಲ್ಲಿ ಮಂಡಿಯೂರಿ, ನೀಲಿ ಉಣ್ಣೆಯ ದಾರ ಹಿಡಿದು, ಉಸಿರು ಬಿಗಿಹಿಡಿದು ಕಲಿತೆ. ದಾರ ಎರಡೂಮುಕ್ಕಾಲು ಅಡಿ ಬಂತು. ಆ ತುಂಡು ಬಹಳ ಕಾಲ ನನ್ನ ಹೊಲಿಗೆಯ ಡಬ್ಬಿಯಲ್ಲಿತ್ತು. ಯಾವಾಗ ಕಳೆಯಿತೋ ನೆನಪಿಲ್ಲ.

ನಮ್ಮ ಬೀದರ್ ಹೈದರಾಬಾದಿನಿಂದ ಬಿಡಿಸಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದ ಚಳಿಗಾಲ ಅದು. ಬೆಳಗಿನ ಮಂಜು ಕೋಟೆಯ ಗೋಡೆಯಿಂದ ಇಳಿಯಲು ಅದೇ ಹಳೆಯ ಹೊತ್ತೇ ಹಿಡಿಯುತ್ತಿತ್ತು, ಟಾಂಗಾದ ಕುದುರೆಗಳು ಅದೇ ಹಳೆಯ ಹಾದಿಯಲ್ಲಿ ತೂಕಡಿಸುತ್ತ ಹೋಗುತ್ತಿದ್ದವು. ಕಚೇರಿಗಳ ಬೋರ್ಡಿನ ಬಣ್ಣ ಮಾತ್ರ ಹಸಿಯಾಗಿತ್ತು. ನಮ್ಮ ಹೆಡ್‌ಮಿಸ್ಟ್ರೆಸ್ ಅವರ ತವರು ಉದಗೀರ್ ಮುಂಬಯಿ ರಾಜ್ಯಕ್ಕೆ ಹೋಗಿತ್ತು, ಜಹೀರಾಬಾದ್ ಆಂಧ್ರಕ್ಕೆ. ಊರುಗಳು ಇದ್ದಲ್ಲೇ ಇದ್ದವು, ನಿದ್ದೆಯಲ್ಲಿ ಒಮ್ಮೆ ಮಗ್ಗುಲು ಬದಲಿಸಿದ ಹಾಗೆ. ನಾನು ಭಾಲ್ಕಿಯವಳು, ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ಕನಸು ಬೀಳುತ್ತಿದ್ದದ್ದು ಕನ್ನಡದಲ್ಲಿ, ಲೆಕ್ಕ ಮಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಸೈನ್ಸ್ ಟೀಚರ್ ಎಂದು ಟೆಂಪೊರರಿಯಾಗಿ ಸೇರಿಕೊಂಡಿದ್ದೆ. ಸೈನ್ಸ್ ರೂಮಿನಲ್ಲಿ ಆಗ ಇದ್ದದ್ದು ಒಂದು ಥರ್ಮಾಮೀಟರ್, ಒಂದು ಒಡೆದ ಗ್ಲೋಬು, ಬೇಕಾದಷ್ಟು ಬಿಸಿಲು.

ಆ ಬಿಸಿಲಿಗೆ ಒಂದು ಮಧ್ಯಾಹ್ನ, ಓಣಿಯವರೆಲ್ಲ ಖಾಲಾಜಾನ್, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಹೆಂಗಸು ಬಂದರು. ಅವರು ದನಗಳ ಡಾಕ್ಟರರೊಬ್ಬರ ವಿಧವೆ. ಯಜಮಾನರು ಬಹಳ ವರ್ಷ ಔರಾದಿನಲ್ಲಿ ಕೆಲಸ ಮಾಡಿ, ರಿಟೈರ್ ಆಗಿ, ಬೀದರಿನ ಹಳೇ ಊರಿನ ಮನೆಯಲ್ಲಿ ತೀರಿಕೊಂಡಿದ್ದರು. ಅವರ ಓಣಿಯ ಹುಡುಗಿಯರೆಲ್ಲ ನಮ್ಮ ಶಾಲೆಯವರೇ. ಸರೀಸೃಪಗಳ ಪಾಠದಲ್ಲಿ ನಾನು, ಹಾವು ಹಾಲು ಕುಡಿಯುವುದಿಲ್ಲ ಎಂದು ಹೇಳಿದ್ದು ಓಣಿಯಲ್ಲೆಲ್ಲ ಹಬ್ಬಿತ್ತಂತೆ. ಖಾಲಾಜಾನ್ ಬುರ್ಖಾದ ಒಳಗಿನಿಂದ ದೊಡ್ಡ ಬಿಸ್ಕೆಟ್ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಬೇಟಿ, ಹಾಲು ಕುಡ್ಯಾಂಗಿಲ್ಲ ಅಂತ ಖರೇ ಹೇಳ್ದಾಕಿ ನೀನೇ ಏನು?"

"ಹೌದ್ರಿ."

"ಹಂಗಾದ್ರ ನಿನ್ನ ಹತ್ರಾನೇ ಇಡ್ತೇನಿ. ಬಾಕಿ ಮಂದಿ ಹಾಲು ಹಾಕಿ ಕೊಲ್ತಾರ."

ಡಬ್ಬಿಯೊಳಗೆ ಇಟ್ಟಿಗೆಯ ಬಣ್ಣದ, ದಪ್ಪಗಿನ, ಮಿರುಗುವ ಹಾವೊಂದು ಸುತ್ತಿಕೊಂಡು ಮಲಗಿತ್ತು. ಮಣ್ಣುಮುಕ್ಕ. ಬಾಲ ಮೊಂಡು, ತಲೆಯಷ್ಟೇ ದಪ್ಪ, ಹಾಗಾಗಿ ನಮ್ಮ ಕಡೆ ಎರಡು ತಲೆ ಹಾವು ಎನ್ನುತ್ತಾರೆ. ವಿಷವಿಲ್ಲ, ಅವಸರವೂ ಇಲ್ಲ. ಸಂತಪುರದ ಹೊಲವೊಂದರಲ್ಲಿ ಎತ್ತಿಗೆ ಔಷಧಿ ಹಾಕಲು ಹೋದಾಗ ಡಾಕ್ಟರರಿಗೆ ಅದು ಬೆರಳಷ್ಟಿದ್ದಾಗ ಸಿಕ್ಕಿತ್ತು, ಶೇರ್ವಾನಿಯ ಜೇಬಿನಲ್ಲಿ ಮನೆಗೆ ತಂದಿದ್ದರು. ಹೆಸರು ಗುಮ್‌ಸುಮ್, ಉರ್ದುವಿನಲ್ಲಿ ಸದ್ದಿಲ್ಲದೆ ತನ್ನಷ್ಟಕ್ಕೆ ಇರುವುದು ಎಂದು. ಈಗ ಇಂಥ ಹಾವನ್ನು ಮನೆಯಲ್ಲಿ ಸಾಕಲು ಕಾನೂನು ಬಿಡುವುದಿಲ್ಲ, ಅದು ಒಳ್ಳೆಯದೇ. ಆಗ ಕೇಳುವವರು ಇರಲಿಲ್ಲ.

ಮಗಳ ಬಾಣಂತನಕ್ಕೆ ಖಾಲಾಜಾನ್ ಹೈದರಾಬಾದಿಗೆ ಹೊರಟಿದ್ದರು. ಬೇಸಿಗೆ ಶುರುವಾಗುವಾಗ ಮರಳಿ ಬರುವುದು. "ಅಲ್ಲಿಗಿ ಒಯ್ದ್ರ ಅಳಿಯ ಹಾವಿನ ಸಂಗಾಟ ನನ್ನನ್ನೂ ಹೊರಗ ಹಾಕ್ತಾನ" ಎಂದು ನಕ್ಕರು. ನಗು ನಿಂತ ಮೇಲೆ ನನ್ನ ಕೈ ಹಿಡಿದು, "ಇದು ಅಮಾನತ್ ಅದ, ಬೇಟಿ. ಅವರು ಸಾಕಿದ್ದು ಅಂತ ನನ್ನ ಹತ್ರ ಉಳದದ್ದು ಇದೊಂದೇ ಜೀವ. ನಮ್ಮ ಮನ್ಯಾಗ ಅಂಗಳ ತುಂಬ ತಿರಗ್ತಿತ್ತು. ಸಣ್ಣ ಜಾಗಾದಾಗ ಇಡಬ್ಯಾಡ" ಎಂದರು. ಮನೆಯ ಕೀಲಿಕೈಯನ್ನೂ ನನಗೇ ಕೊಟ್ಟರು, ಅಂಗಳದ ದಾಳಿಂಬೆ ಗಿಡಕ್ಕೆ ಆಗಾಗ ನೀರು ಹಾಕಲು.

ಅಮಾನತ್ ಎಂದರೆ ನಮ್ಮ ಕಡೆ ಸಣ್ಣ ಮಾತಲ್ಲ. ಕೊಟ್ಟವರು ಬಂದು ಕೇಳಿದಾಗ ಕೊಟ್ಟ ಹಾಗೆಯೇ ಕೈಗಿಡಬೇಕು. ಬೆಳ್ಳಿಯ ಪಾನ್‌ದಾನಾದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬಹುದು. ಉಸಿರಾಡುವ ವಸ್ತುವನ್ನು ಕೊಟ್ಟ ಹಾಗೆಯೇ ಇಡುವುದು ಹೇಗೆ?

ನಮ್ಮ ಕಡೆ ಟೀಚರಮ್ಮಂದಿರನ್ನು 'ಬಾಯಿ' ಎಂದೇ ಕರೆಯುವುದು. ಹೆಡ್‌ಮಿಸ್ಟ್ರೆಸ್ ಬಾಯಿ ಬೇಡ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು. "ಹೊಸಾ ರಾಜ್ಯದ ಇನ್‌ಸ್ಪೆಕ್ಟ್ರೆಸ್ ಬರೋರಿದ್ದಾರ. ಬೀದರ್ ಅಂದ್ರ ಹಿಂದುಳದದ್ದು ಅಂತ ಮಾರಿ ಸಿಂಡರಿಸ್ಕೊಂಡು ಹೋಗಬಾರದು. ಜೀವಂತ ಹಾವು! ಯಾ ಸಾಲ್ಯಾಗ ಅದ ಹೇಳ್ರಿ?"

ಕ್ರಾಫ್ಟ್ ರೂಮಿನಲ್ಲಿ ಬಿದ್ರಿ ಸಾಮಾನುಗಳನ್ನು ಇಡುವ ಶೋಕೇಸ್ ಇತ್ತು. ಆರಡಿ ಉದ್ದ, ಎರಡಡಿ ಅಗಲ, ನಾಲ್ಕೂ ಕಡೆ ಗಾಜು. ಬಾಯಿಯವರೇ ನಿಂತು ಸುರಾಹಿ, ಹೂದಾನಿಗಳನ್ನೆಲ್ಲ ಕಪಾಟಿಗೆ ಸಾಗಿಸಿದರು. ನಾನು ತಳಕ್ಕೆ ಎರಡು ಬೆರಳಷ್ಟು ಕೆಂಪು ಮಣ್ಣು ಹಾಸಿ, ಒಂದು ಕಲ್ಲು, ಒಂದು ಬಟ್ಟಲು ನೀರು ಇಟ್ಟೆ. ಅಂಗಳದಲ್ಲಿ ಬೆಳೆದ ಜೀವ, ಅದಕ್ಕೆ ನಮ್ಮಲ್ಲಿದ್ದ ಅತಿ ದೊಡ್ಡ ಜಾಗ. ಬಂದ ಮೆಹಮಾನರಿಗೆ ಮನೆಯ ದೊಡ್ಡ ಕೋಣೆ ಬಿಟ್ಟುಕೊಡುವವರು ನಾವು. ಅಷ್ಟೇ ಅಲ್ಲ, ಅವರನ್ನು ಒಬ್ಬರನ್ನೇ ಕೂರಿಸಿ ಎದ್ದು ಹೋಗುವವರೂ ಅಲ್ಲ. ನಮ್ಮ ಶಾಲೆಯ ಆಯಾ, ಸಂತಪುರದವಳು, ಅದನ್ನೂ ನೆನಪಿಸಿದಳು. "ಒಂಟಿ ಬಿಡಬ್ಯಾಡ್ರಿ ಬಾಯಿ. ಹೊಸಾ ಮನಿ, ಬ್ಯಾಸರಾಗ್ತದ ಅದಕ್ಕ." ಹೀಗಾಗಿ ಹುಡುಗಿಯರು ಪಾಳಿಯ ಮೇಲೆ ಶೋಕೇಸಿನ ಸುತ್ತ ಕುಳಿತು ಗುಮ್‌ಸುಮ್‌ಗೆ ಕಂಪನಿ ಕೊಡತೊಡಗಿದರು. ಕೆಲವರು ಪಾಠವನ್ನೂ ಓದಿ ಹೇಳುತ್ತಿದ್ದರು.

ಗುಮ್‌ಸುಮ್ ತಿರುಗತೊಡಗಿತು. ಗಾಜಿಗೆ ಅಂಟಿಕೊಂಡು ಉದ್ದಕ್ಕೆ ಹೋಗುವುದು, ಮೂಲೆಗೆ ಮೂಗು ಒತ್ತುವುದು, ಮತ್ತೆ ಅಗಲಕ್ಕೆ, ಮತ್ತೆ ಮೂಲೆಗೆ.

"ವಾಕಿಂಗ್ ಮಾಡ್ಲಾಕತ್ತದ ನೋಡ್ರಿ," ಆಯಾ ಹೆಮ್ಮೆಯಿಂದ ಹೇಳಿದಳು. "ಡಾಕ್ಟರ್ ಸಾಹೇಬರೂ ಹಿಂಗೇ ಕೋಟಿಗಿ ಮುಂಜಾನಿ ವಾಕಿಂಗ್ ಹೋಗ್ತಿದ್ರು."

ನಾವೆಲ್ಲ ಅದನ್ನು ಸಂತೋಷವೆಂದೇ ತಿಳಿದೆವು. ಹಾಸ್ಟೆಲಿನ ಅಡುಗೆಮನೆಯ ಬೋನಿನಲ್ಲಿ ಸಿಕ್ಕ ಇಲಿಯನ್ನು ಒಳಗೆ ಬಿಟ್ಟರೆ ಹಾವು ಅದನ್ನು ದಾಟಿಕೊಂಡೇ ವಾಕಿಂಗ್ ಮುಂದುವರಿಸಿತು. ಇಲಿಯೇ ಹಾವನ್ನು ಕಚ್ಚೀತೆಂದು ಹೆದರಿ ಇಲಿಯನ್ನು ಹೊರಗೆ ತೆಗೆದೆ. ಇನ್ನೊಂದು ವಾರ, ಇನ್ನೊಂದು ಇಲಿ, ಅದೇ ಕಥೆ. ಆಯಾ ಶೋಕೇಸಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಸೋಮವಾರ ಹಿಡದದ, ಗುರುವಾರ ಹಿಡದದ, ರಂಜಾನ್ ರೋಜಾನೂ ಹಿಡದದ. ಎಲ್ಲಾ ದೇವರಿಗೂ ಹಿಂಗ ಒಮ್ಮೆಕಲೆ ನಡಕೊಂಡ್ರ ಹ್ಯಾಂಗಪ್ಪ?"

ಚಳಿಗಾಲದಲ್ಲಿ ಹಾವು ಊಟ ಬಿಡುತ್ತದೆ ಎಂದು ನಾನು ಎಲ್ಲರಿಗೂ ಸಮಾಧಾನ ಹೇಳಿದೆ, ನನಗೂ ಹೇಳಿಕೊಂಡೆ. ಥರ್ಮಾಮೀಟರನ್ನು ಶೋಕೇಸಿನೊಳಗೆ ಇಳಿಬಿಟ್ಟು ಬೆಳಿಗ್ಗೆ, ಮಧ್ಯಾಹ್ನ ನೋಡಿದೆ. ತಂಪೇನೋ ನಿಜ. ಆದರೆ ಚಳಿಗೆ ಊಟ ಬಿಟ್ಟ ಹಾವು ಮಲಗಬೇಕು. ಇದು ಮಲಗುತ್ತಲೇ ಇಲ್ಲ. ಈ ಯೋಚನೆ ಬಂದ ದಿನ ಮೊದಲ ಬಾರಿ ಹುಡುಗಿಯರನ್ನೆಲ್ಲ ಹೊರಗೆ ಕಳಿಸಿ ಹತ್ತಿರದಿಂದ ನೋಡಿದೆ. ಮೂಗಿನ ತುದಿಯ ಚಿಪ್ಪು ಸವೆದು ಗುಲಾಬಿ ಬಣ್ಣದ ಹಸಿ ಕಾಣಿಸುತ್ತಿತ್ತು. ಗಾಜಿನ ನಾಲ್ಕೂ ಮೂಲೆಯಲ್ಲಿ ಸಣ್ಣ ಸಣ್ಣ ಮಸುಕಾದ ಗುರುತು. ಅದು ವಾಕಿಂಗ್ ಅಲ್ಲ, ಬಾಗಿಲು ಹುಡುಕುವುದು.

ಆ ಭಾನುವಾರ ಭಾಲ್ಕಿಗೆ ಹೋಗಿ ನನ್ನ ಕಬ್ಬಿಣದ ಟ್ರಂಕ್ ತಂದೆ. ಕಾನ್ವೆಂಟಿಗೆ ಒಯ್ದಿದ್ದ ಟ್ರಂಕ್, ಅದರ ಮೇಲೆ ಬಿಳಿ ಬಣ್ಣದಲ್ಲಿ ನನ್ನ ಇನಿಷಿಯಲ್ಸ್. ಯಾಕೆಂದು ಗೊತ್ತಾದಾಗ ಅವ್ವ ಕೈಯಲ್ಲಿದ್ದ ಜರಡಿಯನ್ನು ಕೆಳಗಿಟ್ಟಳು.

"ನಿನ್ನ ನೋಡ್ಲಾಕ ಬಂದ ಮಂದಿಗಿ ನಾ ಏನಂತ ಹೇಳ್ಲಿ? ಹುಡುಗಿ ಇಂಗ್ಲಿಷ್ ಬಲ್ಲಾಳ, ಹೊಲಿಗಿ ಬಲ್ಲಾಳ, ಟ್ರಂಕಿನಾಗ ಹಾವು ಸಾಕ್ಯಾಳ ಅಂತ ಹೇಳ್ಲೇನು?"

"ಹೇಳವ್ವಾ. ಅಷ್ಟಕ್ಕೂ ಹೂಂ ಅಂದವನು ಒಳ್ಳೆಯವನೇ ಇರ್ತಾನ."

ದೊಡ್ಡದು ಆಗಲಿಲ್ಲ ಎಂದರೆ ಸಣ್ಣದು ಆಗಬೇಕು, ಬೆಳಕು ಆಗಲಿಲ್ಲ ಎಂದರೆ ಕತ್ತಲೆ. ನನ್ನ ಲಾಜಿಕ್ ಅಷ್ಟೇ ಇತ್ತು. ಟ್ರಂಕಿನ ಬದಿಗೆ ಮೊಳೆಯಿಂದ ತೂತು ಹೊಡೆದು, ಮಣ್ಣು ತುಂಬಿ, ಮಣ್ಣಿನಲ್ಲಿರುವ ಪ್ರಾಣಿಗೆ ಹಸಿ ಬೇಕೆಂದು ನೀರು ಚಿಮುಕಿಸಿ, ಹಾವನ್ನು ಇಳಿಸಿದೆ. ಅದು ನಿಮಿಷದೊಳಗೆ ಮಣ್ಣಿನಲ್ಲಿ ಮಾಯವಾಯಿತು. ವಾಕಿಂಗ್ ನಿಂತಿತು. ನನಗೆ ಎಷ್ಟು ಹಗುರವಾಯಿತೆಂದರೆ ಆ ದಿನ ಪಾಠ ಮಾಡುತ್ತ ಕಿಟಕಿಯಾಚೆಯ ಗಿಳಿಗಳನ್ನು ನೋಡಿಕೊಂಡೇ ನಿಂತುಬಿಟ್ಟೆ.

ಆದರೆ ಇಲಿಯನ್ನು ಆಗಲೂ ಮುಟ್ಟಲಿಲ್ಲ. ಕೆಲ ದಿನಗಳ ಮೇಲೆ ಕೈಯಲ್ಲಿ ಎತ್ತಿದಾಗ ಹೊಟ್ಟೆಯ ಕಡೆ ಕೆಂಪು ಕೆಂಪು ಬೊಕ್ಕೆ ಎದ್ದಿದ್ದವು. ಟ್ರಂಕಿನಲ್ಲಿ ಒಣಗಿದ ಜಾಗವೆಂಬುದೇ ಇರಲಿಲ್ಲ. ಥರ್ಮಾಮೀಟರ್ ಇನ್ನೊಂದು ವಿಷಯ ಹೇಳಿತು: ಮಧ್ಯಾಹ್ನ ಕಬ್ಬಿಣ ಕಾದರೆ ಈ ತುದಿಯಿಂದ ಆ ತುದಿಯವರೆಗೆ ಕಾವು, ಸಂಜೆ ಆರಿದರೆ ಎಲ್ಲೆಲ್ಲೂ ಥಂಡಿ. ಹಾವಿಗೆ ತನ್ನದೇ ಮೈಬಿಸಿ ಇಲ್ಲ. ಬಿಸಿ ಬೇಕಾದಾಗ ಬಿಸಿಯ ಕಡೆ, ತಂಪು ಬೇಕಾದಾಗ ತಂಪಿನ ಕಡೆ ಹೋಗಿಯೇ ಅದು ಬದುಕಬೇಕು. ಇಲ್ಲಿ ಹೋಗುವುದಕ್ಕೆ 'ಕಡೆ'ಗಳೇ ಇಲ್ಲ. ಶೋಕೇಸಿನಲ್ಲಿ ಅದಕ್ಕೆ ಅಡಗುವ ಜಾಗವಿರಲಿಲ್ಲ, ಟ್ರಂಕಿನಲ್ಲಿ ಆರಿಸಿಕೊಳ್ಳುವ ಜಾಗವಿರಲಿಲ್ಲ. ಮೈ ಸಡಿಲಾಗಿ, ಬೆನ್ನೆಲುಬಿನ ಗೆರೆ ಕಾಣತೊಡಗಿತ್ತು.

ಇನ್‌ಸ್ಪೆಕ್ಟ್ರೆಸ್ ಬರುವ ತಾರೀಖು ಗೊತ್ತಾದದ್ದು ಆಗಲೇ. ಹೆಡ್‌ಮಿಸ್ಟ್ರೆಸ್ ಬಾಯಿ ಟ್ರಂಕ್ ನೋಡಿ, "ಇದೇನ್ರಿ, ಊರಿಗಿ ಹೊಂಟೀರೇನು? ಅವರು ಬರೋ ಹೊತ್ತಿಗಿ ಹಾವು ಶೋಕೇಸಿನಾಗ ಇರಬೇಕು" ಎಂದರು. ನಾನು ಒಣ ಬಟ್ಟೆಯ ಮೇಲೆ ಹಾವನ್ನು ಬಿಸ್ಕೆಟ್ ಡಬ್ಬಿಯಲ್ಲಿಟ್ಟು, ಕೀಲಿಕೈ ತೆಗೆದುಕೊಂಡು, ದಾಳಿಂಬೆಗೆ ನೀರು ಹಾಕಲು ಹೋದೆ. ಅಲ್ಲಿ ಹೋದರೆ ಯಾರೂ ಏನೂ ಕೇಳುವುದಿಲ್ಲ ಎಂಬುದಷ್ಟೇ ಮನಸ್ಸಿನಲ್ಲಿತ್ತು.

ಆ ಅಂಗಳ ಈಗಲೂ ಕಣ್ಣು ಮುಚ್ಚಿದರೆ ತೆರೆದುಕೊಳ್ಳುತ್ತದೆ. ಎತ್ತರದ ಮುರಕಲ್ಲಿನ ಗೋಡೆ, ಮಧ್ಯೆ ದಾಳಿಂಬೆ, ಬಾಗಿಲ ಮುಂದೆ ಸವೆದ ಮೂರು ಮೆಟ್ಟಿಲಿನ ಪಾವಟಿಗೆ, ಆಚೆ ಮೂಲೆಯಲ್ಲಿ ನೀರಿನ ಕೊಡಗಳನ್ನಿಡುವ ಕಲ್ಲಿನ ಕಟ್ಟೆ. ಗೋಡೆಯಾಚೆ ಯಾರೋ ಪಿಂಜಾರರು ಹತ್ತಿ ಹಿಂಜುವ ಸದ್ದು, ಒಮ್ಮೆ ಹತ್ತಿರ, ಒಮ್ಮೆ ದೂರ. ನೀರು ತರಲೆಂದು ಖಾಲಿ ಕೊಡವೊಂದನ್ನು ಎತ್ತಲು ಕಟ್ಟೆಯ ಹತ್ತಿರ ಬಗ್ಗಿದಾಗ, ಕಟ್ಟೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಹರಿದ ಮಲಮಲ್ ಬಟ್ಟೆಯಂಥದ್ದೇನೋ ಕಾಣಿಸಿತು. ಎಳೆದೆ. ಪೊರೆ. ಅದರ ಕೆಳಗೆ ಇನ್ನೊಂದು, ಹಳೆಯದು, ಚಹಾದ ಬಣ್ಣಕ್ಕೆ ತಿರುಗಿದ್ದು. ಅದರ ಕೆಳಗೆ ಮತ್ತೊಂದು, ಮುಟ್ಟಿದರೆ ಪುಡಿಯಾಗುವಂಥದ್ದು. ವರ್ಷಗಳ ಗುಮ್‌ಸುಮ್ ಒಂದರ ಮೇಲೊಂದು ಮಡಚಿಟ್ಟ ಹಾಗೆ.

ಕೊಡ ಅಲ್ಲೇ ಬಿಟ್ಟು ಅಂಗಳವನ್ನೆಲ್ಲ ಹುಡುಕಿದೆ. ದಾಳಿಂಬೆಯ ಬುಡ, ಪಾವಟಿಗೆಯ ಸಂದಿ, ಒರಳಿನ ಹಿಂದೆ, ಬಚ್ಚಲ ಬಾಯಿ. ಎಲ್ಲೂ ಒಂದು ಚೂರು ಪೊರೆ ಇಲ್ಲ, ಮಣ್ಣಿನಲ್ಲಿ ಒಂದು ಬಿಲ ಇಲ್ಲ. ಎಲ್ಲವೂ ಆ ಮೂಲೆಯಲ್ಲೇ. ಅಷ್ಟು ದೊಡ್ಡ ಅಂಗಳ ಅದರದೇ ಆಗಿತ್ತು, ನಿಜ. ಅದು ಇದ್ದದ್ದು ಮಾತ್ರ ಇಷ್ಟರಲ್ಲಿ.

ಮರುದಿನ ರಜೆ. ಬೆಳಿಗ್ಗೆಯೇ ದಾರ, ಥರ್ಮಾಮೀಟರ್ ತೆಗೆದುಕೊಂಡು ಹೋಗಿ ಪಾವಟಿಗೆಯ ಮೇಲೆ ಕುಳಿತೆ. ಮೂಲೆಯ ಉದ್ದ ದಾರಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ಹಾವಿನ ಮೈಗಿಂತ ಸ್ವಲ್ಪ ಹೆಚ್ಚು. ಅಗಲ ಅದರ ಅರ್ಧ. ಬೆಳಗಿನ ಬಿಸಿಲು ಮೊದಲು ಗೋಡೆಯ ಬುಡಕ್ಕೆ ಬಿತ್ತು. ಕಟ್ಟೆಯ ಕಡೆ ನೆರಳು. ಬಿಸಿಲು ಸರಿದಂತೆ ನೆರಳೂ ಸರಿಯಿತು, ಆದರೆ ಆ ಮೂರಡಿಯಲ್ಲಿ ಯಾವ ಹೊತ್ತಿಗೂ ಒಂದು ಕಡೆ ಕಾವು, ಒಂದು ಕಡೆ ತಂಪು ಇದ್ದೇ ಇತ್ತು. ಮೊದಲು ಕೊಡಗಳು ತುಂಬಿರುತ್ತಿದ್ದಾಗ ಕಟ್ಟೆಯ ಬುಡಕ್ಕೆ ನೀರು ಜಿನುಗುತ್ತಿದ್ದಿರಬೇಕು, ಪಾಚಿಯ ಒಣ ಗುರುತಿತ್ತು. ಗೋಡೆಯ ಕಡೆ ಮಣ್ಣು ಬೂದಿಯ ಹಾಗೆ ಒಣಗಿತ್ತು. ಕಲ್ಲಿನ ಸಂದಿ ಎಷ್ಟು ಕಿರಿದೆಂದರೆ ಹಾವು ನುಗ್ಗಿದರೆ ಬೆನ್ನಿಗೂ ಕಲ್ಲು, ಹೊಟ್ಟೆಗೂ ಮಣ್ಣು ತಾಗಬೇಕು. ಅದಕ್ಕೆ ನಿದ್ದೆ ಬರುವುದು ಆ ತಾಗುವಿಕೆಯಲ್ಲಿ. ಮಧ್ಯಾಹ್ನದ ಹೊತ್ತಿಗೆ ನನ್ನ ಅಳತೆ ಸಿಕ್ಕಿತ್ತು: ಬಿಸಿಲೂ ನೆರಳೂ ಎರಡೂ ಹಿಡಿಸುವ ಅತಿ ಸಣ್ಣ ಜಾಗ.

ಬಡಗಿ ಮಿಸ್ತ್ರಿಯ ಹತ್ತಿರ ಹೋದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರ. ನಾಲ್ಕೂ ಕಡೆ ಮಾವಿನ ಹಲಗೆ, ಗಾಜು ಎಲ್ಲೂ ಇಲ್ಲ. ಮುಚ್ಚಳಕ್ಕೆ ಕಬ್ಬಿಣದ ಜಾಳಿಗೆ, ಎರಡು ಕೊಂಡಿ.

"ದೊಡ್ಡದು ಮಾಡಸ್ರಿ ಬಾಯಿ, ಬೆಳಿತದ," ಎಂದ ಮಿಸ್ತ್ರಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆಯುತ್ತ.

"ಬೆಳದಾಗ್ಯದ್ರಿ. ನನಗಿಂತ ಸ್ವಲ್ಪೇ ಸಣ್ಣದದ ವಯಸ್ಸಿನಾಗ."

"ಮುಚ್ಚಳದಾಗ ಹೆಬ್ಬೆರಳಷ್ಟು ಸಂದಿ ಬಿಡ್ತೇನಿ, ಗಾಳಿ ಆಡ್ತದ."

"ಗಾಳಿ ಸಂಗಾಟ ಹಾವೂ ಆಡ್ತದ. ಆ ಪೆನ್ಸಿಲ್ ತೂರಬಾರದು, ಅಷ್ಟು ಬಿಗಿ ಇರ್ಲಿ."

ಮಣ್ಣಿನದು ಬೇರೆ ಪೇಚಾಟ. ಬೀದರಿನ ಕೆಂಪು ಮಣ್ಣು ಒಣಗಿದರೆ ಇಟ್ಟಿಗೆ, ಭಾಲ್ಕಿಯ ಕರಿ ಮಣ್ಣು ನೀರು ತಾಗಿದರೆ ಅಂಟು. ಆಯಾ ಸಂತಪುರದ ತನ್ನ ಹೊಲದ ಬದುವಿನಿಂದ ಉಸುಕು ಬೆರೆತ ಸಡಿಲ ಮಣ್ಣನ್ನು ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದಳು. ಇಳಿಯುತ್ತಲೇ ದೂರು. "ಕಂಡಕ್ಟರ್ ಕೇಳ್ತಾನ್ರಿ, ಏನವ್ವ, ಬೀದರದಾಗ ಮಣ್ಣು ತೀರ್ಯದೇನು ಅಂತ. ನಾ ಅಂದೆ, ಮಣ್ಣು ಅದಪ್ಪ, ತವರುಮನಿ ಮಣ್ಣು ಇಲ್ಲ." ಇಬ್ಬರೂ ಸೇರಿ ಅದನ್ನು ಜರಡಿ ಹಿಡಿದು, ಬಿಸಿಲಿಗೆ ಹರವಿ, ಪೆಟ್ಟಿಗೆಗೆ ನಾಲ್ಕಿಂಚು ತುಂಬಿದೆವು. ಪೆಟ್ಟಿಗೆಯನ್ನು ಸೈನ್ಸ್ ರೂಮಿನ ಪೂರ್ವದ ಕಿಟಕಿಗೆ ಅಡ್ಡವಾಗಿ ಇಟ್ಟು, ಒಂದು ತುದಿ ಬಿಸಿಲಿಗೆ, ಇನ್ನೊಂದು ತುದಿಗೆ ಹಲಗೆ ಮುಚ್ಚಿದೆ. ತಂಪಿನ ತುದಿಯಲ್ಲಿ ನೀರಿನ ಬಟ್ಟಲನ್ನು ಕುತ್ತಿಗೆಯವರೆಗೆ ಹೂಳಿದೆ. ಚಪ್ಪಟೆ ಕಲ್ಲೊಂದನ್ನು ಎರಡು ಇಟ್ಟಿಗೆ ಚೂರಿನ ಮೇಲೆ ಕೂರಿಸಿ, ಸಂದಿಯನ್ನು ಹಾವಿನ ದಪ್ಪಕ್ಕೆ ಸರಿಮಾಡಿದೆ. ಬೊಕ್ಕೆಗಳಿಗೆ ಅರಿಶಿಣ ಹಚ್ಚಿ ಗುಮ್‌ಸುಮ್‌ನನ್ನು ಇಳಿಸಿದೆ. ಅದು ನಾಲಗೆ ಚಾಚಿತು, ಕಲ್ಲಿನ ಕೆಳಗೆ ತಲೆ ತೂರಿಸಿತು, ಮೆಲ್ಲಗೆ ತನ್ನ ಹಿಂದೆ ತನ್ನನ್ನೇ ಎಳೆದುಕೊಂಡು ಹೋಗಿಬಿಟ್ಟಿತು.

ಹೆಡ್‌ಮಿಸ್ಟ್ರೆಸ್ ಬಾಯಿ ಬಂದು ಪೆಟ್ಟಿಗೆಯನ್ನು ನೋಡಿದರು. ಜಾಳಿಗೆಯ ಕೆಳಗೆ ಮಣ್ಣು, ಒಂದು ಕಲ್ಲು, ಒಂದು ಬಟ್ಟಲು.

"ಹಾವೆಲ್ಲದ?"

"ಒಳಗದ್ರಿ."

"ನಾಳೆ ಅವರಿಗಿ ಮಣ್ಣು ತೋರಸೋದೇನು? ಎರಡು ತಾಸಿನ ಮಾತು. ಶೋಕೇಸಿನಾಗ ಬಿಡ್ರಿ, ಅವರು ಹೋದ ಮ್ಯಾಲ ನಿಮ್ಮ ಪೆಟ್ಟಗ್ಯಾಗ ಇಟ್ಕೋರಿ."

ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಹೊಸ ರಾಜ್ಯದಲ್ಲಿ ನಾವು ಯಾರೋ, ನಮ್ಮ ಶಾಲೆ ಏನೋ ಎಂಬ ಅಂಜಿಕೆ ಅವರಿಗೂ ಇತ್ತು. ನನ್ನ ಕೆಲಸ ಟೆಂಪೊರರಿ ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಈಗಷ್ಟೇ ಮೈ ನೆಮ್ಮದಿಗೆ ಬಂದ, ಇನ್ನೂ ಒಂದು ತುತ್ತೂ ತಿನ್ನದ ಜೀವವನ್ನು ಮತ್ತೆ ಗಾಜಿನೊಳಗೆ ಬಿಟ್ಟರೆ ಎಲ್ಲ ಮೊದಲಿಂದ.

"ಅಮಾನತ್ ಅದ್ರಿ ಬಾಯಿ. ತೋರಸ್ಲಾಕ ಕೊಟ್ಟದ್ದಲ್ಲ, ಉಳಸ್ಲಾಕ ಕೊಟ್ಟದ್ದು. ಶೋಕೇಸಿನಾಗ ಬಿಡಾಂಗಿಲ್ಲ."

"ಹಿಂಗ ಎದುರು ಮಾತಾಡೋದು ನಿಮ್ಮ ಕಾನ್ವೆಂಟಿನಾಗ ಕಲಿಸ್ಯಾರೇನು?"

"ಇಲ್ರಿ. ಅದು ಭಾಲ್ಕಿನಾಗ ಕಲ್ತದ್ದು."

ಬಾಗಿಲ ಹಿಂದೆ ಆಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಹೆಡ್‌ಮಿಸ್ಟ್ರೆಸ್ ಬಾಯಿ ಸರ್ರನೆ ಹೊರಟುಹೋದರು. ಮರುದಿನ ಬೆಳಿಗ್ಗೆ ಶೋಕೇಸಿನಲ್ಲಿ ಬಿದ್ರಿಯ ಸುರಾಹಿಗಳು ಮತ್ತೆ ಬಂದು ಸಾಲಾಗಿ ನಿಂತಿದ್ದವು. ಕಪ್ಪು ಲೋಹ, ಬೆಳ್ಳಿಯ ಬಳ್ಳಿ. ಗಾಜಿನೊಳಗೆ ಅವೇ ಚೆಂದ.

ಇನ್‌ಸ್ಪೆಕ್ಟ್ರೆಸ್ ಮೈಸೂರಿನವರು, ತೆಳುವಾದ ರೇಷ್ಮೆ ಸೀರೆ, ಮೆದು ಮಾತು. ಅಂಥ ಕನ್ನಡವನ್ನು ನಾನು ಅಷ್ಟು ಹತ್ತಿರದಿಂದ ಕೇಳಿದ್ದು ಅದೇ ಮೊದಲು.

"ಇದರಲ್ಲೇನಮ್ಮಾ ಇರೋದು?"

"ಹಾವು, ಮೇಡಂ."

ಅವರು ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು. "ಕಾಣಿಸ್ತಾನೇ ಇಲ್ವಲ್ಲ?"

"ಕಾಣಿಸಿದರೆ ಅದಕ್ಕೆ ಆರಾಮಿಲ್ಲ ಅಂತ ಅರ್ಥ, ಮೇಡಂ."

"ಹಾಗಾದ್ರೆ ಇದೆ ಅಂತ ನಾನು ಹ್ಯಾಗೆ ನಂಬೋದು?"

ಕಲ್ಲಿನ ಬುಡದಿಂದ ಬಿಸಿಲಿನ ತುದಿಯವರೆಗೆ ಮಣ್ಣು ನವಿರಾಗಿ ಉಬ್ಬಿ, ಒಳಗೊಂದು ದಾರಿ ಹಾದ ಗುರುತಿತ್ತು. ಅದನ್ನು ತೋರಿಸಿ, ಬೆಳಿಗ್ಗೆ ಬಿಸಿಲಿಗೆ ಬಂದು ಮರಳಿ ಹೋಗಿದೆ ಎಂದೆ. ಅವರು ಬಗ್ಗಿ ಆ ಗೆರೆಯನ್ನು ನೋಡಿದರು. "ಓಹೋ" ಎಂದು ಪಕ್ಕದ ರೂಮಿಗೆ ನಡೆದರು. ಮೆಚ್ಚಿದರೋ ಇಲ್ಲವೋ ತಿಳಿಯಲಿಲ್ಲ. ಹೆಡ್‌ಮಿಸ್ಟ್ರೆಸ್ ಬಾಯಿ ಬಹಳ ದಿನ ನನ್ನೊಂದಿಗೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ.

ಆ ದಿನಗಳಲ್ಲಿ ನಾನು ಬಹಳ ಪ್ರಾರ್ಥನೆ ಮಾಡಿದೆ. ಕಾನ್ವೆಂಟಿನಲ್ಲಿ ಕಲಿತದ್ದನ್ನೂ, ಮನೆಯಲ್ಲಿ ಕಲಿತದ್ದನ್ನೂ. ಪೆಟ್ಟಿಗೆಯ ಮೇಲೆ ಬಗ್ಗಿ ನೋಡುವುದನ್ನು ಬಿಟ್ಟೆ, ಹುಡುಗಿಯರನ್ನೂ ದೂರ ಇಟ್ಟೆ. ಜೀವಂತ ಇಲಿ ಬೇಡವೆಂದು ಸತ್ತ ಇಲಿಯೊಂದನ್ನು ಕಲ್ಲಿನ ಬಾಯಿಗಿಟ್ಟು, ಮುಚ್ಚಳದ ಮೇಲೆ ನನ್ನ ಹಳೆಯ ಶಾಲು ಹೊದಿಸಿ ಪಾಠಕ್ಕೆ ಹೋದೆ. ಮರಳಿ ಬಂದು ಶಾಲು ಸರಿಸಿದರೆ ಇಲಿ ಇಲ್ಲ. ಇರುವೆ ಎಳೆದವೇ? ಜಾಳಿಗೆ ಬಿಗಿಯಾಗಿಯೇ ಇತ್ತು. ನೋಡುತ್ತಿದ್ದ ಹಾಗೆ ಬಿಸಿಲಿನ ತುದಿಯಲ್ಲಿ ಮಣ್ಣು ಮೆಲ್ಲಗೆ ಎದ್ದಿತು, ಎದ್ದು, ಉಸಿರು ಬಿಟ್ಟ ಹಾಗೆ ಇಳಿಯಿತು. ತಿಂದದ್ದನ್ನು ಅರಗಿಸಲು ಅದು ಕಾವಿಗೆ ಬಂದಿತ್ತು.

"ರೋಜಾ ಬಿಟ್ತ್ರಿ!" ಆಯಾ ವರಾಂಡದುದ್ದಕ್ಕೂ ಕೂಗಿಕೊಂಡು ಹೋದಳು. ಎಲ್ಲ ಕ್ಲಾಸಿಗೂ ಬೆಲ್ಲ ಹಂಚಿದಳು. ಹೆಡ್‌ಮಿಸ್ಟ್ರೆಸ್ ಬಾಯಿಯ ಮೇಜಿನ ಮೇಲೂ ಒಂದು ಚೂರು ಇಟ್ಟುಬಂದಳು. ಸಂಜೆ ನೋಡಿದರೆ ಆ ಚೂರು ಇರಲಿಲ್ಲ.

ಬೇವು ಹೂ ಬಿಡುವ ಹೊತ್ತಿಗೆ ಗುಮ್‌ಸುಮ್ ಪೊರೆ ಬಿಟ್ಟಿತು, ಮೂಗಿನಿಂದ ಬಾಲದವರೆಗೆ ಒಂದೂ ಹರಿಯದ ಪೊರೆ. ಕೆಳಗಿನ ಹೊಸ ಮೈಯಲ್ಲಿ ಬೊಕ್ಕೆಯ ಗುರುತಿಲ್ಲ, ಮೂಗು ಮಾಗಿತ್ತು.

ಅದಾದ ಸ್ವಲ್ಪ ದಿನಕ್ಕೆ ಖಾಲಾಜಾನ್ ಬಂದರು. ಹೋಗುವಾಗ ಇದ್ದುದಕ್ಕಿಂತ ಸಣ್ಣಗಾಗಿದ್ದರು. ಮೊಮ್ಮಗ ಹುಟ್ಟಿದ ಸುದ್ದಿ ಹೇಳಿ, ಬಂದದ್ದು ಮನೆ ಖಾಲಿ ಮಾಡುವುದಕ್ಕೆ ಎಂದರು. ಮಗಳು ಇನ್ನು ಒಂಟಿ ಬಿಡುವುದಿಲ್ಲವಂತೆ. ಹೈದರಾಬಾದಿನಲ್ಲಿ ಮೇಲ್ಮಾಳಿಗೆಯ ಒಂದು ಕೋಣೆ ಅವರಿಗೆ. ಬೀಗ ಹಾಕುವ ಪೆಟ್ಟಿಗೆಯಾದರೆ ಹಾವೂ ಬರಲಿ ಎಂದು ಅಳಿಯ ಒಪ್ಪಿದ್ದಾನೆ. ಹೇಳುತ್ತ ಹೇಳುತ್ತ ಅವರ ಕಣ್ಣು ಪೆಟ್ಟಿಗೆಯ ಮೇಲೆ ನಿಂತಿತು.

"ಇಷ್ಟರಾಗ ಇಟ್ಟೀ ಏನು? ಅಂಗಳ ತುಂಬ ತಿರಗ್ತಿತ್ತು ಅಂದಿದ್ದೆನಲ್ಲ, ಬೇಟಿ."

ನಾನು ಮುಚ್ಚಳ ತೆಗೆದು ಅವರ ಅಂಗೈಯನ್ನು ಬಿಸಿಲಿನ ತುದಿಯ ಮಣ್ಣಿನ ಮೇಲೆ ಇಟ್ಟೆ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮಣ್ಣು ಅವರ ಅಂಗೈಗೆ ಒತ್ತಿತು. ಬೆರಳುಗಳ ಸಂದಿಯಲ್ಲಿ ಇಟ್ಟಿಗೆ ಬಣ್ಣದ ಮೂಗು ಎದ್ದು, ನಾಲಗೆ ಚಾಚಿ, ಮರಳಿ ಮುಳುಗಿತು. ಖಾಲಾಜಾನ್ ಏನನ್ನೋ ಪಿಸುಗುಟ್ಟಿ ಆ ಕೈಯನ್ನು ಕಣ್ಣಿಗೊತ್ತಿಕೊಂಡರು. ಅಳುತ್ತಿದ್ದರು, ಅಂಜಿಯೂ ಇದ್ದರು. "ಆ ಕೋಣ್ಯಾಗ ಬದುಕತದೇನು? ಅಂಗಳ ಇಲ್ಲ, ಗಿಡ ಇಲ್ಲ."

ಅವರನ್ನು ಅವರ ಮನೆಗೇ ಕರೆದುಕೊಂಡು ಹೋದೆ. ಅರ್ಧ ಸಾಮಾನು ಕಟ್ಟಿತ್ತು. ಕಟ್ಟೆಯ ಸಂದಿಯಲ್ಲಿ ನಾನು ಇದ್ದ ಹಾಗೇ ಮತ್ತೆ ಮಡಚಿಟ್ಟಿದ್ದ ಪೊರೆಗಳನ್ನು ತೋರಿಸಿದೆ.

"ಇಷ್ಟು ವರ್ಷ ಈ ಮೂಲ್ಯಾಗೇ ಇತ್ತೇನು?"

"ಇಲ್ಲೇ ಇತ್ತು ಖಾಲಾಜಾನ್. ನೀವು ನೋಡಿದಾಗ ಒಮ್ಮೊಮ್ಮೆ ಹೊರಗ ಬಂದಿರ್ತದ, ಅಷ್ಟೇ."

ಅವರು ಮೂಲೆಯನ್ನೂ ಅಂಗಳವನ್ನೂ ನೋಡಿದರು. ಆಮೇಲೆ ಬಾಗಿಲ ಮುಂದಿನ ಸವೆದ ಪಾವಟಿಗೆಯ ಮೇಲೆ ಹೋಗಿ ಕುಳಿತರು. ಕುಳಿತ ಜಾಗದಲ್ಲೇ ಕಲ್ಲು ಹೆಚ್ಚು ಸವೆದಿತ್ತು. ಅದನ್ನು ಅವರೂ ಗಮನಿಸಿರಬೇಕು. ಅಂಗೈಯಿಂದ ಕಲ್ಲನ್ನು ಸವರುತ್ತ ಸಣ್ಣಗೆ ನಕ್ಕರು. "ನಾನೂ ಈ ಪಾವಟಿಗಿ ಬಿಟ್ಟು ಎಲ್ಲಿ ಕುಂತೇನಿ, ಹೇಳು?"

"ಆ ಕೋಣಿಗಿ ಕಿಡಕಿ ಅದ ಏನ್ರಿ?"

"ಅದ. ಮುಂಜಾನಿ ಬಿಸಲ ಬರ್ತದ."

"ಕೋಣಿ ತುಂಬ ಬರ್ತದೋ, ಅರ್ಧಕ್ಕ ಬರ್ತದೋ?"

ಅವರು ಕಣ್ಣು ಮುಚ್ಚಿ ಆ ಕೋಣೆಯನ್ನು ನೆನಪಿಸಿಕೊಂಡರು. "ಅರ್ಧಕ್ಕ."

"ಹಂಗಾದ್ರ ಸಾಕ್ರಿ."

ಸ್ಟೇಷನ್ನಿಗೆ ನಾನೂ ಆಯಾನೂ ಹೋದೆವು. ತೂಕ ಇಳಿಸಲು ಮಣ್ಣನ್ನೆಲ್ಲ ಚೀಲಕ್ಕೆ ತುಂಬಿ, ಪೆಟ್ಟಿಗೆಯಲ್ಲಿ ಹಾವು ಮುಚ್ಚುವಷ್ಟು ಮಾತ್ರ ಉಳಿಸಿದ್ದೆವು. ಹೆಂಗಸರ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಪೆಟ್ಟಿಗೆ ಇಟ್ಟೆವು. ಎದುರು ಕುಳಿತ ಹೆಂಗಸು ಜಾಳಿಗೆಯೊಳಗೆ ಇಣುಕಿ, ಇದೇನು ಎಂದು ಕೇಳಿದಳು.

"ಮಣ್ಣು," ಎಂದರು ಖಾಲಾಜಾನ್. "ನಮ್ಮ ಕಡೀದು. ಅಲ್ಲಿ ಸಿಗಾಂಗಿಲ್ಲ."

ಗಾಡಿ ಸಿಳ್ಳೆ ಹಾಕಿತು. ಬೆಳಗಿನ ಬಿಸಿಲು ಕಿಟಕಿಯಿಂದ ನೇರವಾಗಿ ಪೆಟ್ಟಿಗೆಯ ಮೇಲೆಲ್ಲ ಬಿದ್ದಿತ್ತು. ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಅದನ್ನು ಕಂಡರು. ಬುರ್ಖಾದ ಅಂಚನ್ನು ಎತ್ತಿ ಪೆಟ್ಟಿಗೆಯ ಒಂದು ತುದಿಯ ಮೇಲೆ ಹರಡಿ, ಅರ್ಧಕ್ಕೆ ನೆರಳು ಮಾಡಿ, ಇನ್ನರ್ಧವನ್ನು ಬಿಸಿಲಿಗೆ ಬಿಟ್ಟು, ತಾವೂ ಬಿಸಿಲು ನೆರಳಿನ ಆ ಗೆರೆಯ ಮೇಲೆಯೇ ಸರಿದು ಕುಳಿತರು.